ನಮ್ಮ ಏಕಮಾತ್ರ ಕೇಳುಗ

ಮನುಷ್ಯನಿಗೆ ಹತ್ತಬಾರದ ಚಟಗಳಲ್ಲಿ ಎರಡು ಬಗೆ. ಒಂದು, ಊರಿಗೆಲ್ಲ ಗೊತ್ತಾಗಿ ಹೆಂಡತಿಗೆ ಕೊನೆಯಲ್ಲಿ ಗೊತ್ತಾಗುವಂಥದ್ದು. ಇನ್ನೊಂದು, ಹೆಂಡತಿಗೆ ಮೊದಲ ದಿನವೇ ಗೊತ್ತಾಗಿ ಊರಿನಲ್ಲಿ ಯಾರಿಗೂ ಕೊನೆಯವರೆಗೂ ಅರ್ಥವೇ ಆಗದಂಥದ್ದು. ಕುಡಿತ, ಇಸ್ಪೀಟು ಮೊದಲನೆಯ ಜಾತಿಗೆ ಸೇರಿದವು. ನನ್ನದು ಎರಡನೆಯದು. ಕುಡುಕನಿಗಾದರೂ ಜೊತೆಗೆ ನಾಲ್ಕು ಜನ ಸಿಗುತ್ತಾರೆ. ಬಿದ್ದರೆ ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿ ಹೋಗುತ್ತಾರೆ. ಸತ್ತ ಕಂಪ್ಯೂಟರುಗಳನ್ನು ಬದುಕಿಸುವ ಚಟಕ್ಕೆ ಬಿದ್ದವನನ್ನು ಎತ್ತುವವರು ಕೊಪ್ಪ ತಾಲ್ಲೂಕಿನಲ್ಲಿ ಆಗ ಯಾರೂ ಇರಲಿಲ್ಲ. ಈಗಲೂ ಇದ್ದಂತಿಲ್ಲ.

ನಾನಾಗ ಕೊಪ್ಪದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷಗಳಾಗಿದ್ದವು. ಕಾಲೇಜಿಗೆ ಹೊಸ ಕಂಪ್ಯೂಟರುಗಳು ಬಂದವೆಂದು ಹಳೆಯವನ್ನು ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ವಾಲಿಬಾಲ್ ನೆಟ್ಟಿನ ಪಕ್ಕದಲ್ಲಿ ಪೇರಿಸಿದರು. ಅವುಗಳ ಮುಖ ನೋಡಿ ನನ್ನ ಕರುಳು ಚುರ್ರೆಂದಿತು. ಒಂದನ್ನು ಕೊಡುತ್ತೀರಾ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. "ಒಂದು ಎಂತಕ್ಕೆ ಮಾರಾಯ್ರೆ, ಎಲ್ಲ ತಗೊಂಡ್ಹೋಗಿ. ಕೇರಂ ಬೋರ್ಡಿಗೆ ಜಾಗ ಆಗ್ತದೆ" ಎಂದರು. ಆಟೋದಲ್ಲಿ ಮನೆಗೆ ತಂದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಬಂದಿದ್ದ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ. ಹಾಕಿ, ಒಂದರ ಮೆಮೊರಿ ಕಿತ್ತು ಇನ್ನೊಂದಕ್ಕೆ ಚುಚ್ಚಿ, ಮೂರನೆಯದರ ಫ್ಯಾನು ತಿರುಗಿಸಿ ಅಂತೂ ಒಂದನ್ನು ಎಬ್ಬಿಸಿದೆ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಇಳಿದು ಬಂದಾಗ ನನಗಾದ ಸಂತೋಷ, ಹೆಂಡತಿಯ ಎದುರು ಹೇಳಬಾರದು, ಮದುವೆಯ ದಿನವೂ ಆಗಿರಲಿಲ್ಲ.

ಬೆಕ್ಕು ಸಾಕುವವರ ಮನೆ ಯಾವುದೆಂದು ಗೊತ್ತಾದರೆ ಜನ ಮರಿಗಳನ್ನು ತಂದು ಅದೇ ಮನೆಯ ಹಿತ್ತಿಲಿನಲ್ಲಿ ಬಿಟ್ಟು ಹೋಗುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಮೇಗುಂದದಿಂದ ಒಬ್ಬರು ಜೀಪಿನಲ್ಲಿ ಕಂಪ್ಯೂಟರ್ ತಂದಿಳಿಸಿದರು. ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ. ಶೃಂಗೇರಿಯಿಂದ ಬಂದ ಇನ್ನೊಂದರ ಫ್ಲಾಪಿ ಹಾಕುವ ಸೀಳಿನಲ್ಲಿ ಯಾರೋ ಮಕ್ಕಳು ಬಸ್ ಟಿಕೆಟುಗಳನ್ನು ತುರುಕಿ ತುಂಬಿಸಿದ್ದರು. ನಮ್ಮದು ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆ. ಮಾನಿಟರುಗಳು ಮಂಚದ ಕೆಳಗೆ ಹೋದವು, ಆಮೇಲೆ ಮಂಚದ ಮೇಲೂ ಬಂದವು. ನನ್ನ ಹೆಂಡತಿ ಸುಮಿತ್ರೆ ಶೃಂಗೇರಿ ಕಡೆಯವಳು, ಸ್ವಭಾವತಃ ಶಾಂತಳು. ಒಂದು ಮಾನಿಟರಿನ ನೆತ್ತಿಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು, "ಇದಕ್ಕಾದ್ರೂ ಉಪಯೋಗ ಬಂತಲ್ಲ" ಎಂದಳು. ನನಗೆ ಅವಮಾನವಾಯಿತು. ಆದರೆ ಆ ಮಾನಿಟರು ನಿಜಕ್ಕೂ ಬೇರಾವುದರ ಉಪಯೋಗಕ್ಕೂ ಬರುತ್ತಿರಲಿಲ್ಲ.

ನನ್ನ ಒಂಟಿತನಕ್ಕೆ ಜೊತೆಯಾಗಿ ಸಿಕ್ಕವನು ವಿಶ್ವನಾಥ. ಮುತ್ತಿನಕೊಪ್ಪದಲ್ಲಿ ಡ್ರಾಯಿಂಗ್ ಮಾಸ್ತರ. ನನ್ನದೇ ರೋಗ, ಸ್ವಲ್ಪ ಮುಂದುವರಿದ ಹಂತ. ಶನಿವಾರ ಸಂಜೆ ನರಸಿಂಹರಾಜಪುರದ ಬಸ್ಸಿನಿಂದ ಇಳಿಯುವಾಗ ಅವನ ಚೀಲದಲ್ಲಿ ಒಂದು ಅಂಗಿ, ಒಂದು ಪಂಚೆ, ಎರಡು ಹಾರ್ಡ್ ಡಿಸ್ಕು ಇರುತ್ತಿದ್ದವು. ಪಾಡ್‌ಕಾಸ್ಟ್ ಎಂಬ ಪದವನ್ನು ಎಲ್ಲಿಂದಲೋ ಹಿಡಿದು ತಂದವನೂ ಅವನೇ. "ನೋಡು ಮಾರಾಯ, ನಮಗೆ ಗೊತ್ತಿದ್ದನ್ನ ನಾವು ಮೈಕಿನ ಎದುರು ಹೇಳದು, ಇಂಟರ್ನೆಟ್ಟಿಗೆ ಹಾಕದು. ಹಳೇ ಕಂಪ್ಯೂಟರ್ ಇಟ್ಕಂಡು ಒದ್ದಾಡವ್ರು ನಮ್ಮಂಗೆ ಎಷ್ಟು ಜನ ಇಲ್ಲ? ಕೇಳ್ತಾರೆ" ಎಂದ. ಶಿವಮೊಗ್ಗದಿಂದ ಮೈಕು ತಂದೆವು. ಪ್ರಿನ್ಸಿಪಾಲರು ಕೊಟ್ಟ ಮುದಿ ಯಂತ್ರದಲ್ಲೇ ಧ್ವನಿಮುದ್ರಣ ಮಾಡಿದೆವು. ಹಳೆಯ ಕಂಪ್ಯೂಟರಿನ ಬಗ್ಗೆ ಹಳೆಯ ಕಂಪ್ಯೂಟರಿನಿಂದಲೇ ಮಾಡಿದ ಕನ್ನಡದ ಮೊದಲ ಪಾಡ್‌ಕಾಸ್ಟ್ ನಮ್ಮದು ಎಂದು ನಾವಿಬ್ಬರೂ ನಂಬಿದ್ದೆವು. ನಂಬಿಕೆಯನ್ನು ಪರೀಕ್ಷಿಸಲು ಹೋಗಲಿಲ್ಲ.

ಅದು ಏನೆಂದು ಮನೆಯವರಿಗೆ ವಿವರಿಸುವುದೇ ದೊಡ್ಡ ಕಷ್ಟವಾಯಿತು. ಸಿರಿಮನೆಯಿಂದ ನಮ್ಮ ಮಾವ ಬಂದಿದ್ದಾಗ ಮೈಕನ್ನು ಕಂಡು ವಿಚಾರಿಸಿದರು. ರೇಡಿಯೋ ಇದ್ದ ಹಾಗೆ ಮಾವ, ಎಂದೆ.

"ಹೌದಾ? ವಾರ್ತೆ ಬರ್ತದಾ?"

"ಇಲ್ಲ ಮಾವ."

"ಅಡಿಕೆ ಧಾರಣೆ?"

"ಅದೂ ಇಲ್ಲ."

"ಹಂಗಾದ್ರೆ ಎಂತ ಬರ್ತದೆ?"

"ನಾವೇ ಬರ್ತೇವೆ. ನಾನು, ವಿಶ್ವನಾಥ."

ಅವರು ಮೈಕನ್ನು ಒಮ್ಮೆ ತಿರುಗಿಸಿ ನೋಡಿ, "ನೀವು ಹೆಂಗೂ ಎದುರಿಗೇ ಇದ್ದೀರಲ್ಲ" ಎಂದರು.

ಅವರ ಮಾತಿನಲ್ಲಿದ್ದ ಸತ್ಯ ಬೇಗನೆ ನಮ್ಮ ಅನುಭವಕ್ಕೂ ಬಂತು. ಸೈಬರ್ ಕೆಫೆಗೆ ಹೋಗಿ, ಒಂದೊಂದು ಕಂತನ್ನು ಇಂಟರ್ನೆಟ್ಟಿಗೆ ಏರಿಸುವುದೆಂದರೆ ಏರುದಾರಿಯಲ್ಲಿ ಕಲ್ಲು ಮೇಲಕ್ಕೆ ಉರುಳಿಸಿದ ಹಾಗೆ. ಅರ್ಧ ಹೋಗಿ ಮತ್ತೆ ಕೆಳಗೆ ಬರುತ್ತಿತ್ತು. ಅಷ್ಟೆಲ್ಲ ಮಾಡಿದ ಮೇಲೆ ಎಷ್ಟು ಜನ ಕೇಳಿದರು ಎಂದು ತೋರಿಸುವ ಒಂದು ಅಂಕಿ ಇರುತ್ತಿತ್ತು. ಅದು ಸಾಮಾನ್ಯವಾಗಿ ಮೂರು. ಸರಿಯಾಗಿ ಹೋಗಿದೆಯೋ ಎಂದು ನೋಡಲು ನಾನು ಒಮ್ಮೆ ಕೇಳುತ್ತಿದ್ದೆ, ವಿಶ್ವನಾಥ ಒಮ್ಮೆ ಕೇಳುತ್ತಿದ್ದ. ಮೂರನೆಯವನು ಯಾರಿರಬಹುದು ಎಂದು ನಾವು ಬಹಳ ದಿನ ಆಸೆಯಿಂದ ಚರ್ಚಿಸಿದೆವು. ಸೈಬರ್ ಕೆಫೆಯ ಹುಡುಗ ಒಂದು ದಿನ ತಾನಾಗಿಯೇ ಹೇಳಿದ: "ನಾನೇ ಸರ್. ಬಿಲ್ ಮಾಡೋ ಮುಂಚೆ ಹೋಯ್ತೋ ಇಲ್ವೋ ಅಂತ ಒಂದ್ಸಲ ಒತ್ತಿ ನೋಡ್ತೀನಿ." ಅಂದು ಸಂಜೆ ಮನೆಗೆ ಬಂದು ನಾನು ಊಟ ಮಾಡಲಿಲ್ಲ. ನಗುವ ವಿಷಯವಲ್ಲ ಇದು. ಹಸಿವು, ಬಡತನ ಎಲ್ಲವನ್ನೂ ಮನುಷ್ಯ ಸಹಿಸುತ್ತಾನೆ; ತಾನು ಹೇಳಿದ್ದನ್ನು ಇಡೀ ಭೂಮಂಡಲದಲ್ಲಿ ಒಬ್ಬನೂ ಕೇಳಲಿಲ್ಲ ಎಂಬುದನ್ನು ಸಹಿಸುವುದು ಕಷ್ಟ. ಇನ್ನು ಸಾಕು ಎಂದು ನಿರ್ಧರಿಸಿದೆ.

ಆಗ ಬಂತು ಬಸವರಾಜ ಮಾಸ್ತರರ ಇ-ಮೇಲು. ಬಿಜಾಪುರದ ಕಡೆಯ ಒಂದು ಹಳ್ಳಿಯ ಶಾಲೆಯವರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಓದಿ ಮುಗಿಸಲು ಸಾಕಷ್ಟು ಹೊತ್ತು ಬೇಕಾಯಿತು, ಆದರೆ ಮುಗಿಯುವಷ್ಟರಲ್ಲಿ ನನ್ನ ಕಣ್ಣು ತೇವವಾಗಿತ್ತು. ಅವರು ನಮ್ಮ ಒಂದೆರಡು ಕಂತುಗಳನ್ನು ಕೇಳಿದ್ದರು. ಮಾತು ಬಹಳ ತಿಳಿಯಾಗಿದೆ ಎಂದು ಮೆಚ್ಚಿದ್ದರು. ಅವರ ಶಾಲೆಗೆ ಯಾರೋ ಮೂರು ಹಳೆಯ ಕಂಪ್ಯೂಟರುಗಳನ್ನು ದಾನ ಕೊಟ್ಟಿದ್ದಾರಂತೆ. ಒಂದೂ ಶುರುವಾಗುವುದಿಲ್ಲ. ಮಕ್ಕಳು ದಿನಾ ಬಂದು ಅವುಗಳ ಮೇಲಿನ ಬಟ್ಟೆ ಸರಿಸಿ ನೋಡಿ ಹೋಗುತ್ತಾರೆ. ಹೆಡ್‌ಮಾಸ್ತರರು ಜಾಗ ಖಾಲಿ ಮಾಡಿಸಬೇಕೆಂದು ಹಟ ಹಿಡಿದಿದ್ದಾರೆ. ದಯವಿಟ್ಟು ಮುಂದಿನ ಕಂತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿ, ನಾನು ಕೇಳುತ್ತ ಕೇಳುತ್ತ ಹಾಗೆಯೇ ಮಾಡುತ್ತೇನೆ ಎಂದು ಬರೆದಿದ್ದರು.

ಒಬ್ಬ ಕೇಳುಗ! ಅವನ ಹಿಂದೆ ಒಂದು ಶಾಲೆ! ವಿಶ್ವನಾಥನಿಗೆ ಫೋನು ಮಾಡಿದೆ. ಅವನು ವಾರದ ನಡುವೆಯೇ ರಜೆ ಹಾಕಿ ಬರುತ್ತೇನೆಂದ, ಬೇಡವೆಂದು ತಡೆಯಬೇಕಾಯಿತು. ಆ ಮೂರು ಯಂತ್ರಗಳು ಎದ್ದರೆ ನಮ್ಮ ಜನ್ಮ ಸಾರ್ಥಕ, ಏಳದಿದ್ದರೆ ನಮಗೂ ಉಪ್ಪಿನಕಾಯಿ ಭರಣಿ ಹೊತ್ತ ಮಾನಿಟರಿಗೂ ವ್ಯತ್ಯಾಸವಿಲ್ಲ ಎಂದು ಮಾತಾಡಿಕೊಂಡೆವು.

ಈಗ ನಮ್ಮ ಕಡೆಯ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಮಲೆನಾಡಿನಲ್ಲಿ ಊಟವಾದ ಮೇಲೆ ಕವಳ ಹಾಕುವುದು ಎಂದರೆ ಎಲೆ, ಅಡಿಕೆ, ಸುಣ್ಣ ಸೇರಿಸಿ ಬಾಯಿಗಿಡುವುದು. ಹಾಕಬೇಕು ಎಂದು ಯಾರೂ ಯೋಚಿಸಿ ಹಾಕುವುದಿಲ್ಲ. ಕೈ ತಾನಾಗಿ ಬಟ್ಟಲಿಗೆ ಹೋಗುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ. ಆಸ್ತಿಯ ಹಿಸ್ಸೆ ಪಂಚಾಯ್ತಿಯೇ ಇರಲಿ, ಹೆಣ್ಣು ಗಂಡಿನ ಮಾತುಕತೆಯೇ ಇರಲಿ, ಗಂಭೀರವಾದ ಯಾವ ಮಾತೂ ಬಾಯಲ್ಲಿ ಕವಳವಿಲ್ಲದೆ ನಡೆಯುವುದಿಲ್ಲ. ರಸ ಹೊರಗೆ ಬಾರದ ಹಾಗೆ ಗದ್ದ ಮೇಲೆತ್ತಿ, ತುಟಿ ಬಿಗಿಹಿಡಿದು, ಗಂಟಲಿನಿಂದಲೇ ಮಾತು ಸಾಗುತ್ತದೆ. ವ್ಯಂಜನಗಳೆಲ್ಲ ಕವಳದ ಅಡಿಗೆ ಸಿಕ್ಕಿಕೊಂಡು ಸ್ವರಗಳು ಮಾತ್ರ ಆಚೆಗೆ ಬರುತ್ತವೆ. ಆದರೂ ನಮಗೆ ಒಬ್ಬರದೊಬ್ಬರಿಗೆ ಸರಿಯಾಗಿ ತಿಳಿಯುತ್ತದೆ. ಹುಟ್ಟಿದಾಗಿನಿಂದ ಅಜ್ಜ, ಅಪ್ಪ, ಚಿಕ್ಕಪ್ಪಂದಿರ ಮಾತನ್ನು ಹೀಗೆಯೇ ಕೇಳಿ ಬೆಳೆದವರು ನಾವು.

ಹಿಂದಿನ ಕಂತುಗಳನ್ನೆಲ್ಲ ಭಾನುವಾರ ಬೆಳಿಗ್ಗೆ, ತಿಂಡಿಗೂ ಮೊದಲೇ ಮುಗಿಸುತ್ತಿದ್ದೆವು. ಈ ಸಲ ಬೆಳಿಗ್ಗೆ ಕರೆಂಟಿರಲಿಲ್ಲ. ಊಟದ ಹೊತ್ತಿಗೆ ಬಂತು. ಸುಮಿತ್ರೆ ನಮ್ಮ ಏಕಮಾತ್ರ ಕೇಳುಗನ ಗೌರವಾರ್ಥ ಪಾಯಸ ಮಾಡಿದ್ದಳು. ಉಂಡು ಕೈ ತೊಳೆದು, ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂದು ಗಡಿಬಿಡಿಯಲ್ಲಿ ಮೈಕಿನ ಮುಂದೆ ಕೂತೆವು. ಕಿಟಕಿ ಮುಚ್ಚಿದೆ. ಪಾತ್ರೆ ಆಮೇಲೆ ತೊಳೆದರಾಯಿತು ಎಂದು ಸುಮಿತ್ರೆಗೆ ಹೇಳಿದೆ. ಪಕ್ಕದ ಮನೆಯ ನಾಯಿಗೆ ಬೊಗಳದಂತೆ ದೋಸೆ ಹಾಕಿ ಬಂದೆ. ಇಷ್ಟೊಂದು ಎಚ್ಚರಿಕೆ ವಹಿಸಿದ ಮನುಷ್ಯನಿಗೆ ತನ್ನ ಬಾಯಲ್ಲಿ ಏನಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅಂಥ ಮಾತುಕತೆ ನಮ್ಮ ಪಾಡ್‌ಕಾಸ್ಟಿನಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ. ಮೈಕಿನ ಭಯವೇ ಇಲ್ಲ. ತಡವರಿಕೆಯಿಲ್ಲ. ಒಂದರಿಂದ ಇನ್ನೊಂದಕ್ಕೆ ಮಾತು ಎಷ್ಟು ಸಲೀಸಾಗಿ ಹರಿಯಿತೆಂದರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನಡುವೆ ಎದ್ದು ಹೋಗಿ ಉಗುಳಿ ಬಂದರೆ ರೆಕಾರ್ಡಿಂಗ್ ಕೆಡುತ್ತದೆಂದು ಇಬ್ಬರೂ ತಡೆದುಕೊಂಡೆವು. ಅದನ್ನು ತ್ಯಾಗವೆಂದೇ ತಿಳಿದಿದ್ದೆವು. ಮುಗಿಸಿ, ಶುರುವಿನ ಸ್ವಲ್ಪ ಭಾಗವನ್ನು ಹಾಕಿ ಕೇಳಿದೆವು. "ಲಾಯಕ್ಕಾಗಿ ಬಂದದೆ ಮಾರಾಯ" ಎಂದ ವಿಶ್ವನಾಥ. ಸುಮಿತ್ರೆಯನ್ನೂ ಕರೆದು ಕೇಳಿಸಿದೆವು. "ಎಲ್ಲ ಅರ್ಥ ಆಗ್ತದೆ. ನೀವು ದಿನಾ ಮಾತಾಡ್ದಂಗೇ ಇದೆ" ಎಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಸೈಬರ್ ಕೆಫೆಗೆ ಹೋಗಿ ಏರಿಸಿದೆ.

ನಾಲ್ಕಾರು ದಿನಗಳ ಮೇಲೆ ಬಸವರಾಜ ಮಾಸ್ತರರು ಫೋನನ್ನೇ ಮಾಡಿದರು. "ನಮಸ್ಕಾರ್ರಿ ಸರ್ರ. ಏನೂ ತಪ್ಪ ತಿಳ್ಕೋಬ್ಯಾಡ್ರಿ. ಫೈಲ್ ಏನರ ಕೆಟ್ಟೈತೇನ್ರಿ?"

"ಯಾಕೆ ಮಾಸ್ತರೇ, ಕೇಳಿಸಲಿಲ್ಲವೇ?"

"ಕೇಳಸ್ತೈತ್ರಿ, ದನಿ ಭಾಳ ಸ್ವಚ್ಛ ಐತಿ. ಆದ್ರ ತಿಳೀವಲ್ದು. ಸ್ಟಾಫ್ ಎಲ್ಲಾರೂ ಕೂಡಿ ಕೇಳಿದ್ವಿ. ಈ ಸಲ ತುಳು ಭಾಷಾದಾಗ ಮಾತಾಡೀರೇನ್ರಿ ಅಂತ ನಮ್ಮ ಹಿಂದಿ ಮೇಡಂ ಕೇಳಾಕ ಹತ್ಯಾರ."

ಕಾರಣ ಹೊಳೆದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏನೋ ತಾಂತ್ರಿಕ ದೋಷ, ಇನ್ನೊಮ್ಮೆ ಮಾಡುತ್ತೇವೆ ಎಂದೆ. ತಾಂತ್ರಿಕ ದೋಷವನ್ನು ಆಗಷ್ಟೇ ಹಿತ್ತಿಲಿಗೆ ಹೋಗಿ ಉಗುಳಿ ಬಂದಿದ್ದೆ.

ಮುಂದಿನ ಭಾನುವಾರ ಕವಳದ ಬಟ್ಟಲನ್ನು ಸುಮಿತ್ರೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬಾಯಿ ಮುಕ್ಕಳಿಸಿ, ಶುದ್ಧರಾಗಿ ಮೈಕಿನ ಮುಂದೆ ಕೂತೆವು. ಮಾತೇ ಹೊರಡಲಿಲ್ಲ. ಊಟವಾಗಿ ಕವಳವಿಲ್ಲದ ಬಾಯಿ. ನಾಲಿಗೆಯನ್ನು ಎಲ್ಲಿಡಬೇಕೆಂದೇ ತಿಳಿಯದು. ವಿಶ್ವನಾಥ ಕೆಮ್ಮಿ, "ಮಾನ್ಯ ಶ್ರೋತೃಗಳೇ" ಎಂದು ಶಾಲೆಯ ಪ್ರಾರ್ಥನೆಯ ದನಿಯಲ್ಲಿ ಶುರು ಮಾಡಿ, ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕಂಪ್ಯೂಟರಿನ ಫ್ಯಾನಿನ ಸದ್ದು ಮಾತ್ರ ಅತ್ಯಂತ ಸ್ಪಷ್ಟವಾಗಿ ದಾಖಲಾಯಿತು. "ಇಷ್ಟಕ್ಕೆ ಎಂತಕ್ಕೆ ಒದ್ದಾಡ್ತೀರಿ? ಹೇಳೋದನ್ನ ಬರೆದು ಅಂಚೆಗೆ ಹಾಕಿ. ಆ ಮಕ್ಕಳು ಕಾಯ್ತಾ ಇರ್ತಾವೆ" ಎಂದಳು ಸುಮಿತ್ರೆ. ನಮಗೆ ಅದು ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ಮನಸ್ಸು ಒಪ್ಪಲಿಲ್ಲ. ಪಾಡ್‌ಕಾಸ್ಟ್ ಮಾಡುವವರು ಅಂಚೆಗೆ ಹಾಕುವುದೆಂದರೆ, ವಿಶ್ವನಾಥ ಹೇಳಿದಂತೆ, ಸೋತೆವೆಂದು ಒಪ್ಪಿಕೊಂಡ ಹಾಗೆ. ಮತ್ತೊಂದು ಭಾನುವಾರ ನೋಡೋಣವೆಂದೆವು. ಆ ಭಾನುವಾರ ವಿಶ್ವನಾಥನಿಗೆ ಚುನಾವಣೆಯ ಡ್ಯೂಟಿ. ಅದರ ಮುಂದಿನ ಭಾನುವಾರ ಸಿಡಿಲು ಹೊಡೆದು ಪ್ರಿನ್ಸಿಪಾಲರ ಕಂಪ್ಯೂಟರು ಎರಡನೇ ಸಲ ಸತ್ತಿತು. ಇನ್ನೊಂದನ್ನು ಎಬ್ಬಿಸಲು ಕೂತಿದ್ದಾಗ ಬಸವರಾಜ ಮಾಸ್ತರರ ಫೋನು ಮತ್ತೆ ಬಂತು.

"ಇನ್ ತ್ರಾಸ ತಗೋಬ್ಯಾಡ್ರಿ ಸರ್ರ. ಹೆಡ್‌ಮಾಸ್ತರ್ರು ಮೂರೂ ಕಂಪ್ಯೂಟರ್ ಗುಜರಿಗೆ ಹಾಕಿದ್ರು. ಆ ಜಾಗಾದಾಗ ಕಪಾಟ ಇಟ್ಟೇವ್ರಿ."

ಬಟ್ಟೆ ಸರಿಸಿ ನೋಡುತ್ತಿದ್ದ ಮಕ್ಕಳು ಈಗ ಏನನ್ನು ನೋಡುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲು ಮುಖವಿರಲಿಲ್ಲ. ನನ್ನ ಜೀವಮಾನದಲ್ಲಿ ಒಬ್ಬನೇ ಒಬ್ಬ ನನ್ನ ಮಾತನ್ನು ನೆಚ್ಚಿ ಕೂತಿದ್ದ. ಅವನ ಕೈಗೆ ನಾನು ಕೊಟ್ಟದ್ದು ಎಲೆ-ಅಡಿಕೆ ಅಗಿಯುವ ಸದ್ದು. ಕ್ಷಮಿಸಿ ಮಾಸ್ತರೇ ಎಂದೆ.

"ಅಯ್ಯ, ಬಿಡ್ರಿ ಸರ್ರ! ಅದಕ್ಕ ಫೋನ್ ಮಾಡಿಲ್ರಿ. ನಮ್ಮಪ್ಪ ನಿಮ್ಮ ಕೂಡ ಮಾತಾಡಬೇಕಂತ. ಆ ಪ್ರೋಗ್ರಾಮ್ ಸಿ.ಡಿ.ಗೆ ಹಾಕ್ಸಿಟ್ಟಿದ್ನಿ. ಈಗ ದಿನಾ ಮಧ್ಯಾಹ್ನ ಹೊರಸಿನ ಮ್ಯಾಲ ಅಡ್ಡಾಗಿ ಅದನ್ನ ಕೇಳ್ತಾನ. ಅವಂಗ ಎಲ್ಲಾ ತಿಳೀತೈತಂತ."

ಫೋನು ಕೈ ಬದಲಾಯಿತು. ಮುದುಕರ ದನಿ ಗಂಟಲಿನಿಂದ, ಮೇಲೆತ್ತಿದ ಗದ್ದದ ಕೆಳಗಿನಿಂದ ಬಂತು. ಬಾಯಿ ತುಂಬ ಎಲೆ-ಅಡಿಕೆ. ಅಷ್ಟು ದೂರದ ಫೋನಿನಲ್ಲಿಯೂ ಅವರ ಒಂದೊಂದು ಮಾತೂ ನನಗೆ ತಿಳಿಯಿತು.

"ಭಾಳ ಚಂದ ಮಾತಾಡ್ತೀರಿ ನೋಡ್ರಿ ನೀವಿಬ್ರೂ. ಒಂದ್ ಕೇಳೂದಿತ್ತು. ಆ ಬಾವಿ ಕಡೀಕ ಯಾರಿಗೆ ಬಂತ್ರಿ? ಅಣ್ಣಗೋ ತಮ್ಮಗೋ?"

"ಯಾವ ಬಾವಿ ಅಜ್ಜಾರೇ?"

"ನಿಮ್ಮ ಗೆಳ್ಯಾನ ಭಾವಂದ್ರಿ! ಮನಿ ಕಟ್ಟಸಾಕ ಹತ್ತಿದ್ದನಲ್ಲ!"

ಪಾಪ, ವಯಸ್ಸಾಗಿದೆ, ಏನನ್ನೋ ಕಲ್ಪಿಸಿಕೊಂಡು ಕೇಳುತ್ತಿದ್ದಾರೆ ಎಂದು ಮರುಕ ಪಟ್ಟು, ವಿಚಾರಿಸಿ ತಿಳಿಸುತ್ತೇನೆಂದು ಫೋನಿಟ್ಟೆ. ಆದರೂ ಮನಸ್ಸು ತಡೆಯಲಿಲ್ಲ. ಸೈಬರ್ ಕೆಫೆಗೆ ಹೋಗಿ, ನಮ್ಮ ಆ ಮಹಾ ಕಂತನ್ನು ಮೊದಲ ಸಲ ಪೂರ್ತಿಯಾಗಿ ಕೇಳಿದೆ. ಕಂಪ್ಯೂಟರ್ ಹಚ್ಚುವ ಮೊದಲು ಮನೆಯ ಅರ್ಥಿಂಗ್ ಸರಿಯಿದೆಯೇ ನೋಡಿಕೊಳ್ಳಬೇಕು ಎಂದು ವಿಶ್ವನಾಥ ಶುರು ಮಾಡುತ್ತಾನೆ. ಅವನ ಭಾವನ ಹೊಸ ಮನೆಯಲ್ಲಿ ಅರ್ಥಿಂಗಿಗೆ ಗುಂಡಿ ತೋಡಿಸಲು ಹೋದಾಗ ಭಾವನ ಅಣ್ಣ ಬಂದು ಅಡ್ಡ ನಿಂತನಂತೆ; ಅಲ್ಲಿಂದ ಆ ಅಣ್ಣತಮ್ಮಂದಿರ ನಡುವಿನ ಬಾವಿಯ ತಗಾದೆ. ಕಂಪ್ಯೂಟರಿಗೆ ಹಿಂದಿರುಗಿದ್ದು ಇಲ್ಲವೇ ಇಲ್ಲ. ಸಿ.ಡಿ. ಹಾಕುವುದು ಹೇಗೆ, ಮೆಮೊರಿ ಚುಚ್ಚುವುದು ಹೇಗೆ, ಒಂದು ಮಾತೂ ಇಲ್ಲ. ನಡುನಡುವೆ ನಾನೇ "ಅತ್ತಿಗೆ ಎಂತ ಹೇಳಿದ್ಲು?", "ನೀರು ಎಷ್ಟು ಅಡಿಗೆ ಸಿಕ್ತು?" ಎಂದು ಕೆದಕಿ ಕೆದಕಿ ಕೇಳಿದ್ದೇನೆ. ಬಾಯಿ ಖಾಲಿ ಇದ್ದಿದ್ದರೂ ಆ ಶಾಲೆಯ ಒಂದು ಯಂತ್ರವೂ ಏಳುತ್ತಿರಲಿಲ್ಲ. ಕೊನೆಗೆ ವಿಶ್ವನಾಥ "ಇಷ್ಟು ಮಾಡಿದ್ರೆ ಆಯ್ತು" ಎನ್ನುತ್ತಾನೆ. ಅಷ್ಟು ಹೊತ್ತಿಗೆ ನಾನು ಕವಳ ನುಂಗಿಯೇ ಬಿಟ್ಟಿದ್ದೆನೋ ಏನೋ, ಇಡೀ ಕಂತಿನಲ್ಲಿ ಅಕ್ಷರ ಅಕ್ಷರ ಬಿಡಿಸಿದಂತೆ ಕೇಳಿಸುವುದು ಅದಾದ ಮೇಲಿನ ನನ್ನ ಒಂದೇ ಒಂದು ವಾಕ್ಯ: "ಬಹಳ ಉಪಯುಕ್ತವಾದ ಮಾಹಿತಿ ಕೊಟ್ಟಿರಿ, ಧನ್ಯವಾದಗಳು."